ಕೊಟ್ಟ ದುಡ್ಡಿಗೆ ಲೆಕ್ಕ ಬೇಡವೇ?

ನನ್ನ ಮಗಳು 6,200 ರೂಪಾಯಿ ಕಳುಹಿಸಿ ಎರಡೂವರೆ ವರ್ಷವಾಯಿತು. ಸೀರೆಗಲ್ಲ, ಚಿನ್ನದ ಚೀಟಿಗಲ್ಲ, ಒಂದು ಆಟಕ್ಕೆ. ಮೇಜಿನ ಮೇಲೆ ಹರಡಿಕೊಂಡು ನಾಲ್ಕು ಜನ ಕೂತು ಆಡುವಂಥದು. ಕಾಯಿ, ಕಾರ್ಡು, ಬಣ್ಣದ ಹಲಗೆ ಎಲ್ಲ ಇರುವ ಡಬ್ಬಿ. ಆ ಡಬ್ಬಿ ಆಗಿನ್ನೂ ತಯಾರಾಗಿರಲಿಲ್ಲ. ತಯಾರಿಸುತ್ತೇವೆ, ನೀವೆಲ್ಲ ಮೊದಲೇ ದುಡ್ಡು ಕೊಡಿ, ಆದ ಮೇಲೆ ಮನೆಗೆ ಕಳುಹಿಸುತ್ತೇವೆ ಎಂದು ಯಾರೋ ಹುಡುಗರು ಇಂಟರ್‌ನೆಟ್ಟಿನಲ್ಲಿ ಕೇಳಿದ್ದರು. ಇದಕ್ಕೆ ಕ್ರೌಡ್‌ಫಂಡಿಂಗ್ ಎಂದು ಹೆಸರು. ಮೊದಮೊದಲು ವಾರಕ್ಕೊಂದು ಪತ್ರ ಬರುತ್ತಿತ್ತು, ಆಮೇಲೆ ತಿಂಗಳಿಗೊಂದು, ಆಮೇಲೆ ಹಬ್ಬಕ್ಕೊಂದು ಶುಭಾಶಯ. ಈಗ ಅದೂ ಇಲ್ಲ.

ವಿಷಯ ತಿಳಿದಾಗ ನಮ್ಮ ಮನೆಯವರು ಕೇಳಿದ್ದು ಒಂದೇ ಮಾತು. "ಆಟಕ್ಕೂ ಯಾರಾದರೂ ದುಡ್ಡು ಕೊಡ್ತಾರಾ?"

ನನಗೆ ಮೊದಲು ಸಿಟ್ಟು ಬಂದದ್ದು ಈ ಮಾತಿಗೇ. ಕ್ಲಬ್ಬಿನ ಇಸ್ಪೀಟಿಗೆ ಕೊಡುವುದು ದುಡ್ಡಲ್ಲವೇ? ಕ್ರಿಕೆಟ್ ನೋಡಲೆಂದೇ ಟಿ.ವಿ.ಯವನಿಗೆ ಕಟ್ಟುವುದು ದುಡ್ಡಲ್ಲವೇ? ಗಂಡಸರು ಆಡಿದರೆ ಮನರಂಜನೆ, ಹೆಣ್ಣುಮಕ್ಕಳು ಆಡಿದರೆ ಹೊತ್ತುಗಳೆಯುವುದು. ಬೆಳಗೊಳದ ನಮ್ಮ ಅಜ್ಜಿಯ ಮನೆ ಜಗಲಿಯ ಚಪ್ಪಡಿಯ ಮೇಲೆ ಯಾರೋ ಯಾವ ಕಾಲದಲ್ಲೋ ಉಳಿಯಿಂದ ಗೀರಿದ್ದ ಚೌಕಾಬಾರದ ಮನೆಗಳಿದ್ದವು. ಅಡ್ಡ ಐದು, ಉದ್ದ ಐದು. ಮಧ್ಯಾಹ್ನ ಪಾತ್ರೆ ತೊಳೆದು ಕೈ ಒರೆಸಿಕೊಂಡು ಬಂದು ಕೂತರೆ ನಾಲ್ಕು ಕವಡೆ, ಬಳೆಚೂರು, ಹುಣಸೆಬೀಜ. ಅಜ್ಜಿ ನಗುತ್ತಿದ್ದುದನ್ನು ನಾನು ಕಂಡದ್ದು ಆ ಒಂದು ಗಂಟೆಯಲ್ಲಿ ಮಾತ್ರ. ಮನೆ ಕೆಡವಿ ತಾರಸಿ ಕಟ್ಟುವಾಗ ಆ ಚಪ್ಪಡಿಯನ್ನು ಬಚ್ಚಲಿಗೆ ಹಾಕಿದರು, ಅದೂ ಬೋರಲಾಗಿ. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಸುಳ್ಳೇಕೆ ಹೇಳಲಿ.

ಆದ್ದರಿಂದ ಮಗಳು ಆಟಕ್ಕೆ ದುಡ್ಡು ಕೊಟ್ಟದ್ದು ತಪ್ಪೆಂದು ನಾನು ಹೇಳುವವಳಲ್ಲ. ದೊಡ್ಡ ಕಂಪನಿಗಳು ಮುಟ್ಟದ ಆಟವನ್ನು ನಾಲ್ಕು ಜನ ಸೇರಿ ಮಾಡುತ್ತೇವೆಂದರೆ ಅವರಿಗೆ ಬ್ಯಾಂಕಿನವರು ಸಾಲ ಕೊಡುತ್ತಾರೆಯೇ? ಊರವರು ಕೂಡಿ ಕೊಡಬೇಕು. ಅದೇನು ಹೊಸದೂ ಅಲ್ಲ. 1976ರ 'ಮಂಥನ್' ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲೆಗೆ ಎರಡೆರಡು ರೂಪಾಯಿ ಹಾಕಿದ್ದರು. ನಮ್ಮಲ್ಲೇ ಪವನ್ ಕುಮಾರ್ ಅವರ 'ಲೂಸಿಯಾ' 2013ರಲ್ಲಿ ತೆರೆಗೆ ಬಂದದ್ದು ನೂರಕ್ಕೂ ಹೆಚ್ಚು ಜನ ಕೂಡಿ ಹಾಕಿದ ಹಣದಿಂದ. ಎರಡೂ ಚಿತ್ರ ಬಂದವು, ಜನ ನೋಡಿದರು.

ನನ್ನ ಎರಡನೆಯ ಸಿಟ್ಟು ಮಗಳ ಮೇಲೆ. "ಬರೆದು ಕೇಳೇ, ಡಬ್ಬಿ ಎಲ್ಲಿ ಅಂತ" ಎಂದರೆ, "ಅಮ್ಮಾ, ಅದು ಅಂಗಡಿಯಲ್ಲ, ನಾನು ಕೊಟ್ಟದ್ದು ಬೆಂಬಲ" ಎನ್ನುತ್ತಾಳೆ. ಈ ಮಾತನ್ನು ಅವಳಿಗೆ ಕಲಿಸಿದವರು ಯಾರು? ಅಮೆರಿಕದಲ್ಲಿ 2009ರಲ್ಲಿ ಶುರುವಾದ ಕಿಕ್‌ಸ್ಟಾರ್ಟರ್ ಎಂಬ ಕಂಪನಿ 2012ರಲ್ಲಿ ನಾವು ಅಂಗಡಿಯಲ್ಲ ಎಂದು ಘೋಷಿಸಿಯೇಬಿಟ್ಟಿತು. ಆದರೆ ಗುರಿ ಮುಟ್ಟಿದ ಪ್ರತಿ ವಸೂಲಿಯಲ್ಲಿ ನೂರಕ್ಕೆ ಐದು ಅದಕ್ಕೆ ಸಲ್ಲುತ್ತದೆ. ದುಡ್ಡು ತೆಗೆದುಕೊಳ್ಳುವಾಗ ಚಿತ್ರ, ಬೆಲೆ, ತಿಂಗಳು ಎಲ್ಲ ಅಂಗಡಿಯ ಹಾಗೇ ಇರುತ್ತದೆ. ಕೇಳಲು ಹೋದಾಗ ಮಾತ್ರ ಅಂಗಡಿ ಮಾಯವಾಗಿ ದಾನಧರ್ಮ ಶುರುವಾಗುತ್ತದೆ.

ಅಲ್ಲಿ ನಡೆದ ಒಂದು ಸಂಗತಿ ಕೇಳಿ. 2012ರಲ್ಲಿ ಒಬ್ಬಾತ 'ದಿ ಡೂಮ್ ದಟ್ ಕೇಮ್ ಟು ಅಟ್ಲಾಂಟಿಕ್ ಸಿಟಿ' ಎಂಬ ಹಲಗೆಯ ಆಟ ಮಾಡುತ್ತೇನೆಂದು 35,000 ಡಾಲರ್ ಕೇಳಿದ. ಸಾವಿರದ ಇನ್ನೂರಕ್ಕೂ ಹೆಚ್ಚು ಜನ 1,22,000 ಡಾಲರಿಗೂ ಮೀರಿ ಕೊಟ್ಟರು. ವರ್ಷ ಕಳೆದ ಮೇಲೆ ಆಗಲಿಲ್ಲ, ಕ್ಷಮಿಸಿ ಎಂದ. 2015ರಲ್ಲಿ ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗವೇ ಅವನ ಮೇಲೆ ದಾವೆ ಹೂಡಿತು. ದುಡ್ಡಿನ ಬಹುಪಾಲು ಅವನ ಮನೆ ಬಾಡಿಗೆಗೆ, ಊರು ಬದಲಿಸಿದ ಖರ್ಚಿಗೆ ಹೋಗಿತ್ತೆಂದು ಆಯೋಗ ಹೇಳಿತು. ಇಂಥ ವಸೂಲಿಯ ಬಗ್ಗೆ ಆಯೋಗ ಹೂಡಿದ ಮೊದಲ ದಾವೆ ಅದು. ಕೊನೆಗೆ ಬೇರೊಂದು ಕಂಪನಿ ಆ ಆಟವನ್ನು ಅಚ್ಚು ಹಾಕಿಸಿ ದುಡ್ಡು ಕೊಟ್ಟವರಿಗೆ ಪುಕ್ಕಟೆ ಹಂಚಿತಂತೆ. ಎಲ್ಲರೂ ಮೋಸಗಾರರೆಂದಲ್ಲ. ಅದೇ ವರ್ಷ ಬಂದ ಒಂದು ಅಧ್ಯಯನದ ಪ್ರಕಾರ, ಹೇಳಿದ್ದನ್ನು ಕೊಡದೆಹೋದವರು ನೂರಕ್ಕೆ ಒಂಬತ್ತು. ನಮ್ಮ ಬೀದಿಯ ಚೀಟಿಗಳಿಗಿಂತ ವಾಸಿಯೇ ಇರಬಹುದು! ಆದರೆ ಆ ಒಂಬತ್ತರಲ್ಲಿ ನನ್ನ ಮಗಳಿದ್ದರೆ ಅವಳಿಗೆ ನಷ್ಟ ನೂರಕ್ಕೆ ನೂರು.

ಬೆಂಬಲ ಕೊಟ್ಟವರು ಲೆಕ್ಕ ಕೇಳಬಾರದೆಂಬುದು ಯಾವ ಊರಿನ ನ್ಯಾಯ? ಬೆಳಿಗ್ಗೆ ಡೇರಿಯ ಮುಂದೆ ಸಾಲಿನಲ್ಲಿ ನಿಲ್ಲುವ ನಮ್ಮ ಹೆಂಗಸರನ್ನು ನೋಡಿ. ಅರ್ಧ ಲೀಟರ್ ಹಾಕಿದವಳಿಗೂ ಅಳತೆ, ಜಿಡ್ಡಿನ ಪರೀಕ್ಷೆ, ಪುಸ್ತಕದಲ್ಲಿ ಒಂದು ಸಾಲು. ಒಂದು ಪಾಯಿಂಟು ಕಡಿಮೆ ಬರೆದರೆ ಅಲ್ಲೇ ಜಗಳ.

ಅದಕ್ಕಿಂತ ಹಿಂದೆ ಹೋಗೋಣ. ಬೆಳಗೊಳದಲ್ಲಿ ಐದುನೂರಕ್ಕೂ ಹೆಚ್ಚು ಶಾಸನಗಳಿವೆ. ಚಿಕ್ಕಂದಿನಲ್ಲಿ ಅವುಗಳ ಮೇಲೆ ಕೂತು ಕಡಲೆಕಾಯಿ ತಿಂದವಳು ನಾನು. ಏನು ಬರೆದಿದೆಯೆಂದು ತಿಳಿದದ್ದು ತಲೆ ನರೆತ ಮೇಲೆ. ಹದಿಮೂರನೆಯ ಶತಮಾನದ ಕೆಲವು ಕಲ್ಲುಗಳಲ್ಲಿ ಗೊಮ್ಮಟನ ನಿತ್ಯಾಭಿಷೇಕದ ಹಾಲಿನ ಲೆಕ್ಕವಿದೆ. ಇಂಥವರು ಇಷ್ಟು ಗದ್ಯಾಣ ಇಟ್ಟಿದ್ದಾರೆ, ಅದರ ಬಡ್ಡಿಯಿಂದ ದಿನಕ್ಕೆ ಇಷ್ಟು ಮಾನ ಹಾಲು ಸಲ್ಲಬೇಕು ಎಂದು. ಗಮನಿಸಿ, ಇದು ದೇವರಿಗೆ ಕೊಟ್ಟದ್ದು. ದೇವರ ಹಾಲಿಗೇ ಬೇಕಾದ ಲೆಕ್ಕ ಆಟದ ಡಬ್ಬಿ ಮಾಡುವವರಿಗೆ ಬೇಡವಾಯಿತೇ?

ಇಲ್ಲಿ ಯಾರಾದರೂ ಗುಳ್ಳಕಾಯಜ್ಜಿಯ ಕಥೆ ತೆಗೆಯುತ್ತಾರೆಂದು ನನಗೆ ಗೊತ್ತು. ಪಕ್ಕದ ಮನೆಯವರು ತೆಗೆದೂ ಆಯಿತು. ಚಾವುಂಡರಾಯನ ಕೊಡಗಟ್ಟಲೆ ಹಾಲು ಕೆಳಗಿಳಿಯದಾಗ ಮುದುಕಿಯೊಬ್ಬಳು ಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಇಡೀ ಮೂರ್ತಿಯನ್ನು ತೋಯಿಸಿತು; ಆಕೆ ಲೆಕ್ಕ ಕೇಳಿದಳೇ, ಕೊಟ್ಟು ಸುಮ್ಮನಿರಲಿಲ್ಲವೇ ಎನ್ನುತ್ತಾರೆ. ಹೆಂಗಸರಿಗೆ ಹೇಳುವಾಗ ಎಲ್ಲ ಕಥೆಯೂ ಸುಮ್ಮನಿರು ಎಂಬಲ್ಲಿಗೇ ಬಂದು ನಿಲ್ಲುತ್ತದೆ. ನಾನು ಆ ಕಥೆಯನ್ನು ಓದುವುದು ಬೇರೆ ಥರ. ಅಜ್ಜಿ ಯಾಕೆ ಕೇಳಬೇಕು? ಅವಳ ಹಾಲು ಎಲ್ಲಿಗೆ ಹೋಯಿತೆಂಬುದು ತಲೆಯಿಂದ ಪಾದದವರೆಗೆ ಎಲ್ಲರ ಕಣ್ಣೆದುರಿಗೇ ಕಂಡಿತಲ್ಲ! ಈಗಲೂ ಬೆಟ್ಟ ಹತ್ತಿದವರು ಗೊಮ್ಮಟನ ಎದುರಿಗೆ ಅವಳನ್ನು ನೋಡಬಹುದು. ಕೊಟ್ಟವಳನ್ನು ಕಲ್ಲಿನಲ್ಲಿ ನಿಲ್ಲಿಸಿದ ಊರು ನಮ್ಮದು.

ಇಷ್ಟೆಲ್ಲ ಯಾಕೆ ಬರೆಯಬೇಕಾಯಿತೆಂದರೆ, ಈಗ ಮಗಳೇ ದುಡ್ಡು ಕೇಳಲು ಹೊರಟಿದ್ದಾಳೆ. ಇಬ್ಬರು ಗೆಳತಿಯರ ಜೊತೆ ಸೇರಿ ಚೌಕಾಬಾರವನ್ನಿಟ್ಟುಕೊಂಡು ಹೊಸದೊಂದು ಆಟ ಮಾಡಿದ್ದಾಳೆ. ಐದುನೂರು ಡಬ್ಬಿ ಮಾಡಿಸಬೇಕಂತೆ. ಜನ ಕರಗುವ ಹಾಗೆ ಅಜ್ಜಿಯ ಜಗಲಿ, ಬಳೆಚೂರು ಎಲ್ಲ ಸೇರಿಸಿ ಬರೆದುಕೊಡು ಎಂದು ನನ್ನನ್ನು ಕೇಳಿದಳು. ಬರೆದುಕೊಡುತ್ತೇನೆ, ಆದರೆ ಅದರ ಕೆಳಗೇ ಲೆಕ್ಕವೂ ಇರಬೇಕು ಎಂದೆ. ಮರಕ್ಕೆ ಎಷ್ಟು, ಬಣ್ಣಕ್ಕೆ ಎಷ್ಟು, ಅಂಚೆಗೆ ಎಷ್ಟು, ನಿಮ್ಮ ಮೂವರ ಕೂಲಿ ಎಷ್ಟು; ಕೂಲಿ ಹಾಕದೆ ದೊಡ್ಡಸ್ತಿಕೆ ತೋರಿಸಬೇಡಿ, ಕೂಲಿಯಿಲ್ಲದ ಕೆಲಸ ನಮ್ಮ ತಲೆಮಾರಿಗೇ ಸಾಕು. ಡಬ್ಬಿ ಆಗದೆಹೋದರೆ ಯಾರ ದುಡ್ಡು ಎಷ್ಟು ದಿನದಲ್ಲಿ ವಾಪಸ್ಸು ಎಂಬುದೂ ಬೇಕು ಎಂದೆ.

"ಹೀಗೆಲ್ಲ ಬರೆದರೆ ಯಾರೂ ಕೊಡಲ್ಲಮ್ಮ" ಎಂದು ಮುಖ ಊದಿಸಿಕೊಂಡು ಬೆಂಗಳೂರಿಗೆ ಹೋದಳು. ಮೊನ್ನೆ ಫೋನಿನಲ್ಲಿ ಒಂದು ಪಟ್ಟಿ ಕಳುಹಿಸಿದ್ದಾಳೆ. ಮರ, ಬಣ್ಣ, ಅಂಚೆ ಎಲ್ಲ ಇದೆ. ವಾಪಸ್ಸಿನ ಸಾಲು ಮಾತ್ರ ಖಾಲಿ ಬಿಟ್ಟಿದ್ದಾಳೆ. ನಾನೂ ನನ್ನ 2,000 ರೂಪಾಯಿಯನ್ನು ಡಬ್ಬದಲ್ಲೇ ಇಟ್ಟುಕೊಂಡು ಕೂತಿದ್ದೇನೆ.