ಓದೋ, ನೌಕರಿಯೋ? ಬೋಧನಾ ಸಹಾಯಕರ ವರ್ಷಗಳ ಬೆಲೆ

ಎಂ.ಎಸ್ಸಿ. ಮುಗಿಸಿದ ಮಗನೋ ಮಗಳೋ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗದಲ್ಲಿ ಪಿಎಚ್.ಡಿ.ಗೆ ಸೇರಿ, ಸಂಶೋಧನೆಯ ಜೊತೆಗೆ ಕಿರಿಯ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯಲ್ಲಿ ಪಾಠ ಹೇಳಿಕೊಡತೊಡಗಿದರೆ, ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಇದು ಓದೋ, ನೌಕರಿಯೋ? ಓದು ಎನ್ನೋಣವೆಂದರೆ ವಯಸ್ಸು ಇಪ್ಪತ್ತೈದು ದಾಟಿದೆ. ನೌಕರಿ ಎನ್ನೋಣವೆಂದರೆ ಕಾಯಂ ಹುದ್ದೆಯಿಲ್ಲ, ವೇತನಶ್ರೇಣಿಯಿಲ್ಲ; ‘ಸರ್’ ಎಂದು ಕರೆಯುವ ವಿದ್ಯಾರ್ಥಿಗಳಿದ್ದರೂ ಸಿಬ್ಬಂದಿಯ ಪಟ್ಟಿಯಲ್ಲಿ ಹೆಸರಿಲ್ಲ. ಸಂಬಂಧದ ಮಾತುಕತೆಗೆ ಕುಳಿತಾಗ ಹುಡುಗ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ ತಂದೆ ಉತ್ತರಕ್ಕಾಗಿ ತಡಕಾಡುತ್ತಾರೆ. ‘ಇನ್ನೂ ಓದಾಕತ್ತಾನ್ರಿ’ ಎಂದು ಹೇಳಿ ಮಾತು ಹೊರಳಿಸುತ್ತಾರೆ.

ಈ ಸಂಕೋಚ ಸಣ್ಣದೆನಿಸಬಹುದು, ಆದರೆ ಅದರ ಪರಿಣಾಮ ಸಣ್ಣದಲ್ಲ. ಮನೆಯವರಿಗೆ ಅರ್ಥವಾಗದ ಕೆಲಸವನ್ನು ಮಕ್ಕಳು ಹೆಚ್ಚು ಕಾಲ ಮಾಡಲಾರರು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ‘ಸಾಕು, ಏನಾದರೂ ದುಡಿ’ ಎಂಬ ಒತ್ತಡ ಬರುತ್ತದೆ. ಪ್ರಯೋಗಶಾಲೆಯ ಬಾಗಿಲು ಮುಚ್ಚುತ್ತದೆ. ಹೀಗೆ ಹಿಂದಿರುಗಿದ ಒಬ್ಬೊಬ್ಬರೂ ನಾಳೆ ನಮ್ಮ ಮಕ್ಕಳಿಗೆ ರಸಾಯನಶಾಸ್ತ್ರವನ್ನೋ ಭೌತಶಾಸ್ತ್ರವನ್ನೋ ಕಲಿಸಬೇಕಾಗಿದ್ದ ಅಧ್ಯಾಪಕರು. ಆದ್ದರಿಂದ ಈ ಕೆಲಸವೆಂದರೇನು, ಅದಕ್ಕೆ ನಮ್ಮ ಪರಂಪರೆಯಲ್ಲಿ ಯಾವ ಸ್ಥಾನವಿತ್ತು, ಅದನ್ನು ಯಾರು ಪೋಷಿಸಬೇಕು ಎಂಬುದನ್ನು ನಾವು ಸ್ಪಷ್ಟವಾಗಿ ತಿಳಿಯುವುದು ಅಗತ್ಯ.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ನಮ್ಮ ಇಂಡಿ ತಾಲ್ಲೂಕಿನ ನಿಂಬೆಹಣ್ಣಿನ ರಸದಲ್ಲಿ ಆಮ್ಲ ಎಷ್ಟಿದೆಯೆಂದು ಅಳೆಯುವ ಪ್ರಯೋಗವನ್ನು ಊಹಿಸಿಕೊಳ್ಳಿ. ಬ್ಯುರೆಟ್ಟಿನಿಂದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಇಳಿಸುತ್ತ, ಬಣ್ಣವಿಲ್ಲದ ರಸವು ತೆಳುಗುಲಾಬಿಗೆ ತಿರುಗಿದೊಡನೆ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. ಪ್ರಾಧ್ಯಾಪಕರು ತತ್ತ್ವವನ್ನು ತರಗತಿಯಲ್ಲಿ ವಿವರಿಸಿರುತ್ತಾರೆ. ಆದರೆ ಕೈ ನಡುಗುತ್ತಿರುವ ಹುಡುಗಿಯ ಪಕ್ಕದಲ್ಲಿ ನಿಂತು ಬ್ಯುರೆಟ್ಟನ್ನು ಹಿಡಿಯುವ ಬಗೆ ತೋರಿಸುವವರು, ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಹಾಕಬಾರದೆಂದು ಪ್ರತಿ ಬಾರಿಯೂ ಎಚ್ಚರಿಸುವವರು, ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪದಗಳ ಮುಂದೆ ಮೂಕನಾದ ಹುಡುಗನಿಗೆ ಅದನ್ನೇ ಅವನ ಮಾತಿನಲ್ಲಿ ತಿಳಿಸಿ ಹೇಳುವವರು, ಸಂಜೆ ರೆಕಾರ್ಡ್ ಪುಸ್ತಕಗಳ ರಾಶಿಯನ್ನು ತಿದ್ದುವವರು ಬೋಧನಾ ಸಹಾಯಕರು. ದೂರದಿಂದ ನೋಡುವವರಿಗೆ ಇದು ಮೇಲುಸ್ತುವಾರಿಯಂತೆ ಕಾಣುತ್ತದೆ. ವಾಸ್ತವದಲ್ಲಿ ಪಾಠವು ವಿದ್ಯಾರ್ಥಿಯ ಕೈಗೆ ಇಳಿಯುವುದು ಇಲ್ಲಿಯೇ.

ಹೀಗೆ ಕಲಿಯುತ್ತಲೇ ಕಲಿಸುವವರಿಗೆ ಇಸ್ಲಾಮೀ ಶಿಕ್ಷಣ ಪರಂಪರೆಯಲ್ಲಿ ಒಂದು ಗೌರವದ ಹೆಸರಿತ್ತು: ಮುಈದ್. ‘ಮತ್ತೆ ಹೇಳುವವನು’ ಎಂಬುದು ಆ ಪದದ ಅರ್ಥ. ಮುದರ್ರಿಸ್, ಅಂದರೆ ಪ್ರಧಾನ ಗುರು, ಪಾಠ ಮುಗಿಸಿ ಎದ್ದ ಬಳಿಕ ಮುಈದ್ ಕುಳಿತು ಅದನ್ನು ಮತ್ತೊಮ್ಮೆ ಬಿಡಿಸಿ ಹೇಳುತ್ತಿದ್ದನು, ಹಿಂದುಳಿದವರನ್ನು ಜೊತೆಗೆ ಕರೆತರುತ್ತಿದ್ದನು. ಬಗ್ದಾದಿನಲ್ಲಿ 1234ರಲ್ಲಿ ತೆರೆದ ಮುಸ್ತನ್ಸಿರಿಯ್ಯಾ ಮದ್ರಸದಲ್ಲಿ ನಾಲ್ಕೂ ಮದ್‌ಹಬ್‌ಗಳ ವಿಭಾಗಗಳಿದ್ದವು. ಪ್ರತಿ ವಿಭಾಗದ 62 ವಿದ್ಯಾರ್ಥಿಗಳಿಗೆ ಒಬ್ಬ ಮುದರ್ರಿಸ್ ಮತ್ತು ನಾಲ್ವರು ಮುಈದ್‌ಗಳನ್ನು ನೇಮಿಸಲಾಗಿತ್ತು. ಸುಲ್ತಾನ್ ಸಲಾಹುದ್ದೀನರ ಚರಿತ್ರೆ ಬರೆದ ಬಹಾವುದ್ದೀನ್ ಇಬ್ನ್ ಶದ್ದಾದ್ ಅವರು ಬಗ್ದಾದಿನ ನಿಝಾಮಿಯ್ಯಾ ಮದ್ರಸದಲ್ಲಿ ಸುಮಾರು ನಾಲ್ಕು ವರ್ಷ ಮುಈದ್ ಆಗಿದ್ದು, ಆನಂತರ ಮೋಸುಲಿಗೆ ಮರಳಿ ಮುದರ್ರಿಸ್ ಆದರು. ಆ ನಾಲ್ಕು ವರ್ಷಗಳನ್ನು ಯಾರೂ ವ್ಯರ್ಥವೆಂದು ಎಣಿಸಲಿಲ್ಲ. 14ನೆಯ ಶತಮಾನದ ವಿದ್ವಾಂಸ ತಾಜುದ್ದೀನ್ ಸುಬ್ಕಿ ಅವರು ಸಮಾಜದ ವಿವಿಧ ಹುದ್ದೆಗಳ ಹೊಣೆಗಳನ್ನು ವಿವರಿಸುವಾಗ ಮುಈದ್‌ನನ್ನೂ ಸೇರಿಸಿದ್ದಾರೆ: ಪಾಠವನ್ನು ಇತರರಂತೆ ಕೇಳಿಸಿಕೊಂಡು ಸುಮ್ಮನಿದ್ದರೆ ಸಾಲದು, ವಿದ್ಯಾರ್ಥಿಗಳಿಗೆ ಅರ್ಥಮಾಡಿಸಿ ಅವರಿಗೆ ಪ್ರಯೋಜನವಾಗಬೇಕು ಎಂಬುದು ಅವರ ಅಭಿಪ್ರಾಯದ ಸಾರ. ಇಂದಿನ ಬೋಧನಾ ಸಹಾಯಕ ಇದೇ ಸ್ಥಾನದಲ್ಲಿ ನಿಂತಿದ್ದಾನೆ. ಶಾಸ್ತ್ರ ಬೇರೆಯಾಗಿದೆ, ಹೊಣೆ ಬದಲಾಗಿಲ್ಲ.

ಹೊಣೆಯ ಮಾತು ಬಂದಾಗ ಆ ಯುವಕ ಯುವತಿಯರಿಗೂ ಒಂದು ಮಾತು ಹೇಳಬೇಕು. ಅಳತೆ ತೂಕದಲ್ಲಿ ಮೋಸ ಮಾಡುವವರನ್ನು ಕಠಿಣವಾಗಿ ಎಚ್ಚರಿಸುವ ‘ಅಲ್-ಮುತಫ್ಫಿಫೀನ್’ ಎಂಬ ಅಧ್ಯಾಯವೇ ಪವಿತ್ರ ಕುರ್‌ಆನಿನಲ್ಲಿದೆ. ಆ ಎಚ್ಚರಿಕೆ ಸಂತೆಯ ತಕ್ಕಡಿಗೆ ಮಾತ್ರ ಸೀಮಿತವಲ್ಲ. ಅಂಕ ನೀಡುವ ಕೈಯೂ ಒಂದು ತಕ್ಕಡಿಯೇ. ಪರಿಚಯದವರ ಮಗನಿಗೆ ಎರಡು ಅಂಕ ಹೆಚ್ಚು, ಪ್ರಶ್ನೆ ಕೇಳಿ ಪೀಡಿಸುವವನಿಗೆ ಎರಡು ಅಂಕ ಕಡಿಮೆ ಎಂದಾದರೆ ಅದು ಅಮಾನತ್ತಿನಲ್ಲಿ ವಂಚನೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪರೀಕ್ಷೆಯೂ ಇದೆ. ಹಳೆಯ ರೆಕಾರ್ಡಿನಿಂದ ‘ಸರಿಯಾದ’ ಉತ್ತರವನ್ನು ನಕಲು ಮಾಡಿದವನ ಪುಟ ಅಂದವಾಗಿರುತ್ತದೆ. ತಾನೇ ಅಳೆದು ತಪ್ಪಾದ ಸಂಖ್ಯೆಯನ್ನು ಇದ್ದಂತೆಯೇ ಬರೆದವನ ಪುಟ ಅಂದಗೆಟ್ಟಿರುತ್ತದೆ. ಎರಡನೆಯವನಿಗೆ ಶಿಕ್ಷೆ ಕೊಟ್ಟು ಮೊದಲನೆಯವನನ್ನು ಮೆಚ್ಚಿದರೆ ನಾವು ಸುಳ್ಳನ್ನೇ ಕಲಿಸಿದಂತೆ. ‘ಈ ಸಂಖ್ಯೆ ಹೇಗೆ ಬಂತು, ಬಾ ನೋಡೋಣ’ ಎಂದು ಅವನ ಪಕ್ಕದಲ್ಲಿ ಕುಳಿತುಕೊಳ್ಳುವ ಸಹಾಯಕ, ವಿಜ್ಞಾನದ ಜೊತೆಗೆ ಸತ್ಯವಂತಿಕೆಯನ್ನೂ ಕಲಿಸುತ್ತಾನೆ.

ಇನ್ನು ಹೊಟ್ಟೆಪಾಡಿನ ಪ್ರಶ್ನೆ. ಇದನ್ನು ತಳ್ಳಿಹಾಕಲು ಸಾಧ್ಯವಿಲ್ಲ. ಎರಡೆಕರೆ ಮಳೆಯಾಶ್ರಿತ ಹೊಲವಿರುವ ಅಥವಾ ಗ್ಯಾರೇಜಿನ ದುಡಿಮೆಯಲ್ಲಿ ನಡೆಯುವ ಮನೆಗೆ ‘ಐದು ವರ್ಷ ತಾಳಿ’ ಎಂದು ಹೇಳುವುದು ಸುಲಭ, ತಾಳುವುದು ಕಷ್ಟ. ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮುಂದೆ ಹಿರಿಯ ಫೆಲೋಶಿಪ್ಪಿಗೆ ಏರಿದರೆ 42,000 ರೂಪಾಯಿ ದೊರೆಯುತ್ತದೆ. ಇದು ಮನೆ ನಡೆಸಬಹುದಾದ ಮೊತ್ತ. ಆದರೆ ಅದನ್ನು ಪಡೆಯದವರ ಪಾಡು ಬೇರೆ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗಾಗಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು 2022-23ರಿಂದ ನಿಲ್ಲಿಸಲಾಯಿತು. ಇತರ ಯೋಜನೆಗಳೊಂದಿಗೆ ಅದು ಪುನರಾವರ್ತನೆಯಾಗುತ್ತದೆ ಎಂಬುದು ಕೇಂದ್ರ ಸರಕಾರ ಕೊಟ್ಟ ಕಾರಣ. ಬಡ ಕುಟುಂಬದಿಂದ ಬಂದು ಮೊದಲ ತಲೆಮಾರಿನಲ್ಲಿ ಸಂಶೋಧನೆಗೆ ಕಾಲಿಟ್ಟವರಿಗೆ ಅದರಿಂದ ಆದ ನಷ್ಟ ಕಾಗದದ ಮೇಲಿನದಲ್ಲ.

ಯು.ಜಿ.ಸಿ.ಯ 2022ರ ಪಿಎಚ್.ಡಿ. ನಿಯಮಾವಳಿಯು ಸಂಶೋಧಕರಿಗೆ ವಾರಕ್ಕೆ 4ರಿಂದ 6 ಗಂಟೆಗಳ ಬೋಧನಾ ಅಥವಾ ಸಂಶೋಧನಾ ಸಹಾಯದ ಕೆಲಸವನ್ನು ವಹಿಸಬಹುದೆಂದು ಹೇಳುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಈ ಕೆಲಸಕ್ಕೆ ಪ್ರತಿಯಾಗಿ ಬೋಧನಾ ಶುಲ್ಕದ ಮನ್ನಾ ಮತ್ತು ಮಾಸಿಕ ವೇತನ ದೊರೆಯುವುದು ಸಾಮಾನ್ಯ. ವಿದೇಶೀ ವಿದ್ಯಾರ್ಥಿಗಳು ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಗಂಟೆಗಳ ಮಿತಿ ಮತ್ತು ದುಡಿಮೆಗೆ ಪ್ರತಿಫಲ ಎಂಬ ಎರಡೂ ನ್ಯಾಯದ ಮಾತುಗಳೇ. ಆರು ಗಂಟೆಯ ಕೆಲಸ ಹದಿನಾರಕ್ಕೆ ಬೆಳೆದು, ಸಹಾಯಕನ ಸ್ವಂತ ಸಂಶೋಧನೆ ಮೂಲೆಗೆ ಬೀಳುವಂತಾದರೆ ಅದನ್ನು ‘ಗುರುಸೇವೆ’ಯೆಂದು ಕರೆದು ಮುಚ್ಚಿಹಾಕಲಾಗದು. ದುಡಿದವನ ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಬದ್ರ್ ಯುದ್ಧದ ಬಳಿಕ ಬಿಡುಗಡೆಯ ಹಣ ಕೊಡಲಾಗದ, ಆದರೆ ಅಕ್ಷರ ಬಲ್ಲ ಸೆರೆಯಾಳುಗಳು ಮದೀನಾದ ಮಕ್ಕಳಿಗೆ ಓದುಬರಹ ಕಲಿಸಿ ಬಿಡುಗಡೆ ಪಡೆದರೆಂದು ಸೀರತ್ ಗ್ರಂಥಗಳು ತಿಳಿಸುತ್ತವೆ. ಕಲಿಸುವ ಶ್ರಮಕ್ಕೆ ಬೆಲೆಯುಂಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೇ?

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಆತುರ ಇನ್ನೂ ಹೆಚ್ಚು. ವಿಜಯಪುರದಲ್ಲಿಯೇ 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯವಿದೆ. ಕಲಬುರಗಿ, ಕಡಗಂಚಿ, ಧಾರವಾಡಗಳೂ ತೀರ ದೂರವಲ್ಲ. ಮದುವೆಯಾದರೆ ಸಂಶೋಧನೆ ಮುಗಿದಂತೆ ಎಂಬ ಭಾವನೆಯೂ ಸರಿಯಲ್ಲ. ಪಿಎಚ್.ಡಿ.ಗೆ ಗರಿಷ್ಠ ಆರು ವರ್ಷಗಳ ಅವಧಿಯಿದ್ದು, ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷಗಳ ರಿಯಾಯಿತಿ ನೀಡಲು ಮೇಲೆ ಹೇಳಿದ ನಿಯಮಾವಳಿಯಲ್ಲಿ ಅವಕಾಶವಿದೆ. ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆಯನ್ನೂ ಕೊಡಬಹುದು. ನಿಕಾಹಿನ ಮಾತುಕತೆಯ ವೇಳೆಯಲ್ಲಿಯೇ ‘ಹುಡುಗಿಯ ಸಂಶೋಧನೆ ಮುಂದುವರಿಯಲಿ’ ಎಂದು ಎರಡೂ ಕಡೆಯ ಹಿರಿಯರು ಒಪ್ಪಿಕೊಂಡರೆ ಮುಂದಿನ ಅನೇಕ ಮನಸ್ತಾಪಗಳು ತಪ್ಪುತ್ತವೆ.

ಕಡೆಯದಾಗಿ, ಪೋಷಿಸುವ ಹೊಣೆ ಯಾರದು? ಉತ್ತರಕ್ಕಾಗಿ ನಾವು ಬಗ್ದಾದಿಗೆ ಹೋಗಬೇಕಾಗಿಲ್ಲ. ನಮ್ಮ ಸಾಲೋಟಗಿಯ ಶಾಸನವೇ ಸಾಕು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದಲ್ಲಿ, 945ರಲ್ಲಿ, ಅವನ ಮಂತ್ರಿ ನಾರಾಯಣನೆಂಬವನು ಇಲ್ಲಿ ಕಟ್ಟಿಸಿದ ಶಾಲೆಯ ವಿವರ ಅದರಲ್ಲಿದೆ. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ದೀಪದ ಖರ್ಚಿಗೆ 12 ನಿವರ್ತನ, ಅಧ್ಯಾಪಕರಿಗೆ 50 ನಿವರ್ತನ ಭೂಮಿ. ಇಷ್ಟೇ ಅಲ್ಲ, ಊರಿನಲ್ಲಿ ಮದುವೆಯಂತಹ ಶುಭಕಾರ್ಯಗಳು ನಡೆದಾಗಲೆಲ್ಲ ಶಾಲೆಗೆ ಇಂತಿಷ್ಟು ಕಾಣಿಕೆ ಸಲ್ಲಬೇಕೆಂದು ಗೊತ್ತುಪಡಿಸಲಾಗಿತ್ತು. ಅದು ವೈದಿಕ ವಿದ್ಯೆಯ ಶಾಲೆ, ನಮ್ಮ ಧರ್ಮದ್ದಲ್ಲ. ಆದರೆ ನಮ್ಮ ಊರಿನದು. ಓದುವವನ ದೀಪದ ಎಣ್ಣೆಯ ಚಿಂತೆ ಊರಿನದಾಗಬೇಕೆಂಬ ತಿಳಿವು ಈ ಮಣ್ಣಿಗೆ ಸಾವಿರ ವರ್ಷಗಳ ಹಿಂದೆಯೇ ಇತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಜಮಾಅತ್‌ಗಳ ಮುಂದೆ ನಾವು ಇಡುವ ಸಲಹೆ ಇದೇ: ಪ್ರತಿ ನಿಕಾಹಿನ ದಿನ, ಮಂಟಪ ಮತ್ತು ಊಟದ ಖರ್ಚಿನಿಂದ ಒಂದು ಚಿಕ್ಕ ಪಾಲನ್ನು ತೆಗೆದು ಉನ್ನತ ವ್ಯಾಸಂಗದಲ್ಲಿರುವ ನಮ್ಮ ಮಕ್ಕಳಿಗಾಗಿ ಮೀಸಲಿಡೋಣ. ಲೆಕ್ಕವನ್ನು ಜುಮಾ ದಿನ ಎಲ್ಲರೆದುರು ಓದಿ ಹೇಳೋಣ. ಅದರಿಂದ ಒಬ್ಬ ಸಂಶೋಧಕನ ಪೂರ್ಣ ಖರ್ಚು ನಡೆಯಲಿಕ್ಕಿಲ್ಲ. ಆದರೆ ಫೆಲೋಶಿಪ್ ಬರುವುದು ತಡವಾದ ತಿಂಗಳುಗಳಲ್ಲಿ ಹಾಸ್ಟೆಲಿನ ಊಟದ ಬಿಲ್ಲು ಕಟ್ಟಲು ಸಾಕಾಗಬಹುದು, ಊರು ತನ್ನ ಬೆನ್ನಿಗಿದೆ ಎಂಬ ಧೈರ್ಯವನ್ನಂತೂ ಖಂಡಿತ ಕೊಟ್ಟೀತು. ಮಗ ಏನು ಮಾಡುತ್ತಾನೆಂದು ಕೇಳಿದವರಿಗೆ ಆಗ ತಂದೆ ತಲೆಯೆತ್ತಿ ಹೇಳಬಹುದು: ‘ಕಲಿಯುತ್ತಾನೆ, ಕಲಿಸುತ್ತಾನೆ.’ ಈ ಎರಡು ಕೆಲಸಗಳಲ್ಲಿರುವ ನಮ್ಮ ಎಲ್ಲ ಮಕ್ಕಳಿಗೂ ಅಲ್ಲಾಹನು ಪ್ರಯೋಜನಕಾರಿ ಜ್ಞಾನವನ್ನೂ ಹಲಾಲಾದ ಜೀವನೋಪಾಯವನ್ನೂ ಕರುಣಿಸಲಿ. ಆಮೀನ್.