ಎತ್ತಿಗಿಲ್ಲದ ‘ಸೆಕೆಂಡ್ ಹ್ಯಾಂಡ್’ ಕಾರಿಗೇಕೆ?

ಮೂವತ್ತು ದಾಟಿದ ಸಾಫ್ಟ್‌ವೇರಿನವನೊಬ್ಬ ಬೆಂಗಳೂರಲ್ಲಿ ‘ಕಾರು ತಗೋಬೇಕು’ ಅಂತ ಬಾಯಿಬಿಟ್ಟರೆ ಸಾಕು, ಸುತ್ತಲಿನ ಹತ್ತು ಜನರಿಂದ ಒಂದೇ ಉತ್ತರ ಬರುತ್ತೆ. ಎಸ್‌ಯುವಿ ತಗೋ. ತಗೊಳ್ಳೋದೇ ಆದ್ರೆ ಟಾಪ್ ಎಂಡ್ ತಗೋ. ಸನ್‌ರೂಫ್ ಇರ್ಲಿ, ಮಕ್ಕಳಿಗೆ ಇಷ್ಟ. ಏಳು ವರ್ಷಕ್ಕೆ ಲೋನ್ ಹಾಕ್ಸು, ಇಎಂಐ ಗೊತ್ತೇ ಆಗಲ್ಲ. ಹಳೇ ಕಾರು ನೋಡ್ತಿದ್ದೀನಿ ಅಂದ್ರೆ ಮಾತ್ರ, ಹಳಸಿದ ಅನ್ನ ತಿಂತೀನಿ ಅಂದ ಹಾಗೆ ಮುಖ ನೋಡ್ತಾರೆ.

ಆ ಹತ್ತೂ ಜನ ಹೇಳೋದು ತಪ್ಪು ಅಂತ ನನ್ನ ವಾದ. ಐದು ಲಕ್ಷದ ಆಸುಪಾಸಿನಲ್ಲಿ ಸಿಗುವ, ಒಬ್ಬನೇ ಓನರ್ ಚೆನ್ನಾಗಿ ನೋಡಿಕೊಂಡಿರುವ, ಗೇರ್ ನಾವೇ ಹಾಕುವ ಸಣ್ಣ ಪೆಟ್ರೋಲ್ ಕಾರೇ ನಮ್ಮಲ್ಲಿ ಬಹುಪಾಲು ಜನಕ್ಕೆ ಸರಿಯಾದ ಕಾರು. ಇದು ಬಡತನದ ರಾಜಿ ಅಲ್ಲ. ಓಡಿಸುವ ಖುಷಿಯ ಲೆಕ್ಕದಲ್ಲೂ ಅದೇ ಮುಂದೆ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಎಕ್ಸ್‌ಶೋರೂಂ 15 ಲಕ್ಷದ ಒಂದು ಎಸ್‌ಯುವಿ ಇಟ್ಕೊಳ್ಳಿ. ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲೇ ದುಬಾರಿಯವುಗಳಲ್ಲಿ ಒಂದು. 10ರಿಂದ 20 ಲಕ್ಷದ ಕಾರಿಗೆ 17%, ಅದರ ಮೇಲೆ ಸೆಸ್ಸು. ಅಂದ್ರೆ ಬರೀ ತೆರಿಗೆಯೇ ಎರಡೂವರೆ ಲಕ್ಷದ ಮೇಲಾಯ್ತು. ವಿಮೆ, ನೋಂದಣಿ ಸೇರಿಸಿದರೆ ನೀವು ವರ್ಷಗಟ್ಟಲೆ ಕೂಡಿಟ್ಟ ಮೂರೂವರೆ ಲಕ್ಷ ಡೌನ್ ಪೇಮೆಂಟ್ ಅಲ್ಲಿಗೇ ಖಾಲಿ. ಕಾರಿಗೆ ಅಂತ ಒಂದು ರೂಪಾಯಿನೂ ಕೊಟ್ಟಿಲ್ಲ ಇನ್ನೂ! ಉಳಿದ 15 ಲಕ್ಷಕ್ಕೆ 9% ಬಡ್ಡಿಯಲ್ಲಿ ಏಳು ವರ್ಷದ ಸಾಲ ಅಂದ್ರೆ ತಿಂಗಳಿಗೆ ಸುಮಾರು 24,100 ರೂಪಾಯಿ ಕಂತು. ಕೊನೆಯ ಕಂತು ಕಟ್ಟುವ ಹೊತ್ತಿಗೆ ಬಡ್ಡಿ ಒಂದೇ ಐದು ಕಾಲು ಲಕ್ಷ ದಾಟಿರುತ್ತೆ. ಆ ಬಡ್ಡಿಯ ದುಡ್ಡಿಗೇ ನಾನು ಹೇಳ್ತಿರೋ ಕಾರು ಬರುತ್ತೆ ಸ್ವಾಮಿ.

ಇನ್ನೊಂದು ಕಡೆ ಕಾರಿನ ಬೆಲೆ ಇಳೀತಾ ಹೋಗುತ್ತೆ. ವಿಮೆಯವರ ಸವಕಳಿ ಪಟ್ಟಿಯನ್ನೇ ನೋಡಿ. ಒಂದು ವರ್ಷ ತುಂಬುವುದರೊಳಗೆ 15% ಕಳೀತಾರೆ, ಐದನೇ ವರ್ಷಕ್ಕೆ 50%. ಈ ಇಳಿಜಾರಿನ ಕಡಿದಾದ ಭಾಗವನ್ನ ಮೊದಲ ಮಾಲೀಕ ಇಳಿದಾಗಿದೆ. ಜೀವಾವಧಿ ತೆರಿಗೆಯನ್ನೂ ಅವನೇ ಕಟ್ಟಿದ್ದಾನೆ. ಕೆಎ ನಂಬರಿನ ಕಾರಾದರೆ ನಿಮ್ಮ ಹೆಸರಿಗೆ ಬರುವಾಗ ಆ ತೆರಿಗೆಯನ್ನ ಮತ್ತೆ ಕಟ್ಟಬೇಕಿಲ್ಲ. ಇಷ್ಟು ಧಾರಾಳಿ ಮನುಷ್ಯ ಊರಲ್ಲಿ ಹತ್ತು ಜನ ಇರುವಾಗ ನಾವ್ಯಾಕೆ ಅವನ ಜಾಗಕ್ಕೆ ಕ್ಯೂ ನಿಲ್ಲಬೇಕು?

ಈಗ ಖುಷಿಯ ವಿಷಯಕ್ಕೆ ಬರೋಣ. ದೊಡ್ಡ ಕಾರು ಅಂದ್ರೆ ಜೋರು ಕಾರು ಅನ್ನೋದು ನಮ್ಮಲ್ಲಿ ಬೇರೂರಿರುವ ನಂಬಿಕೆ. 2018ರಲ್ಲಿ ಬಂದ ಮೂರನೇ ತಲೆಮಾರಿನ ಪೆಟ್ರೋಲ್ ಸ್ವಿಫ್ಟ್ ತೂಕ ಸುಮಾರು 870 ಕಿಲೋ, ಶಕ್ತಿ 83 ಪಿಎಸ್. 115 ಪಿಎಸ್ ಇರುವ ಎಸ್‌ಯುವಿ 1,250 ಕಿಲೋ ತೂಗುತ್ತೆ ಅಂತಿಟ್ಕೊಳ್ಳಿ. ಟನ್ನಿಗೆ ಲೆಕ್ಕ ಹಾಕಿದರೆ ಸ್ವಿಫ್ಟಿಗೆ 95 ಪಿಎಸ್, ಎಸ್‌ಯುವಿಗೆ 92. ಮೂರು ಪಟ್ಟು ದುಡ್ಡು ಕೊಟ್ಟು ಕೂದಲೆಳೆಯಷ್ಟು ಹಿಂದೆ ಬಿದ್ದಂಗಾಯ್ತು. ಅದೂ ನೇರ ರಸ್ತೆಯಲ್ಲಿ.

ತಿರುವು ಬಂದರಂತೂ ಮುಗೀತು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ, ಅಥವಾ ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಎತ್ತರದ ಗಾಡಿ ಯಾವ ಕಡೆ ವಾಲುತ್ತೆ, ಹಿಂದಿನ ಸೀಟಿನಲ್ಲಿ ಕೂತವರ ಹೊಟ್ಟೆಯೊಳಗಿನ ಇಡ್ಲಿ ಯಾವ ಕಡೆ ಹೊರಳುತ್ತೆ ಅಂತ ಗಮನಿಸಿ. ಭಾರ ಎತ್ತರದಲ್ಲಿದ್ದಷ್ಟೂ ವಾಲಾಟ ಜಾಸ್ತಿ. ತಗ್ಗಾದ, ಹಗುರ ಕಾರು ಸ್ಟಿಯರಿಂಗ್ ತಿರುಗಿಸಿದ ಕ್ಷಣಕ್ಕೆ ತಿರುಗುತ್ತೆ, ಬ್ರೇಕ್ ಒತ್ತಿದ ಕಡೆ ನಿಲ್ಲುತ್ತೆ. ಎರಡನೇ ಗೇರಿಗಿಳಿಸಿ ಎಂಜಿನ್ನಿನ ದನಿ ಕೇಳುತ್ತಾ ಏರು ಹತ್ತುವಾಗ ಗಂಟೆಗೆ ಐವತ್ತು ಕಿಲೋಮೀಟರಲ್ಲೇ ಮುಖದ ಮೇಲೆ ನಗು ಬರುತ್ತೆ. ಕಾರು ಓಡಿಸುವ ಸುಖ ಅಂದ್ರೆ ಇದು. ಸನ್‌ರೂಫಿನಲ್ಲಿ ತಲೆ ಹೊರಗೆ ಹಾಕಿ ಧೂಳು ಕುಡಿಯೋದಲ್ಲ.

ಇಷ್ಟೆಲ್ಲ ಲೆಕ್ಕ ನಮ್ಮವರಿಗೆ ಗೊತ್ತಿಲ್ಲ ಅಂತಲ್ಲ. ದಿನವೆಲ್ಲ ಎಕ್ಸೆಲ್ ಶೀಟ್ ಮುಂದೆ ಕೂರುವ ಜನ ನಾವು. ಅಡ್ಡ ಬರೋದು ಮರ್ಯಾದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಪಕ್ಕದ ಗಾಡಿಗಿಂತ ನಮ್ಮದು ಕುಳ್ಳಗಿರಬಾರದು. ಹಬ್ಬಕ್ಕೆ ಊರಿಗೆ ಹೋದಾಗ ‘ಏನ್ಲಾ ಮಗ, ಬೆಂಗ್ಳೂರ್ನಲ್ಲಿ ಹತ್ತೊರ್ಸ ದುಡ್ದು ಇದ್ನಾ ತಂದಿರೋದು?’ ಅಂತ ದೊಡ್ಡಪ್ಪ ಕೇಳಬಾರದು. ಹಳ್ಳಿಯಿಂದ ಬಂದ ನಮ್ಮಂಥವರಿಗೆ ಈ ಎರಡನೇ ಹೆದರಿಕೆ ಇನ್ನೂ ಜಾಸ್ತಿ. ಓದಿಸಿದ್ದು ಸಾರ್ಥಕ ಆಯ್ತು ಅನ್ನೋದಕ್ಕೆ ಕಾರೇ ಮಾರ್ಕ್ಸ್ ಕಾರ್ಡ್.

ಆದರೆ ಇದೇ ದೊಡ್ಡಪ್ಪ ಎತ್ತು ತರೋದು ಹೇಗೆ? ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ನೋಡಿ. ಅಲ್ಲಿ ಹಳ್ಳಿಕಾರ್ ಜೋಡಿಯ ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಅಂತ ನೋಡ್ತಾರೆ. ಸುಳಿ ನೋಡ್ತಾರೆ, ಗೊರಸು ನೋಡ್ತಾರೆ. ನಾಲ್ಕು ಹೆಜ್ಜೆ ನಡೆಸಿ ಕುಂಟಿದೆಯಾ ಅಂತ ನೋಡ್ತಾರೆ. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಆ ಎತ್ತು ಅದಕ್ಕೂ ಮೊದಲು ಇನ್ನೊಬ್ಬನ ಹೊಲ ಉತ್ತಿರುತ್ತೆ. ಮನೆಗೆ ತಂದಾಗ ಯಾರಾದರೂ ‘ಅಯ್ಯೋ, ಸೆಕೆಂಡ್ ಹ್ಯಾಂಡ್ ಎತ್ತಾ?’ ಅಂತ ಮೂಗು ಮುರಿದಿದ್ದು ಕೇಳಿದ್ದೀರಾ? ಉಳುಮೆ ಕಲಿತ ಎತ್ತು ಅಂತ ಎರಡು ಕಾಸು ಹೆಚ್ಚೇ ಕೊಡ್ತಾರೆ. ಕೊಳ್ಳುವವನ ಮರ್ಯಾದೆ ಅವನ ಕಣ್ಣಿನಲ್ಲಿತ್ತು. ಒಳ್ಳೇದನ್ನ ಆರಿಸೋಕೆ ಬರುತ್ತೆ ಅನ್ನೋದೇ ಹೆಮ್ಮೆ. ಶೋರೂಮಿನಲ್ಲಿ ಕೇಕ್ ಕತ್ತರಿಸಿ, ದೊಡ್ಡ ಥರ್ಮೋಕೋಲ್ ಕೀ ಹಿಡಿದು ಫೋಟೊ ತೆಗೆಸಿಕೊಳ್ಳೋಕೆ ಅಂಥ ಯಾವ ಕಣ್ಣೂ ಬೇಕಿಲ್ಲ. ಸಿಬಿಲ್ ಸ್ಕೋರ್ ಒಂದಿದ್ದರೆ ಸಾಕು.

ಸರಿ, ಯಾವ ಕಾರು? ಮೂರು ಹೆಸರು ಹೇಳ್ತೀನಿ. ಒಂದು, ಮೇಲೆ ಹೇಳಿದ ಸ್ವಿಫ್ಟ್. ಯಾವ ತಾಲ್ಲೂಕಿಗೆ ಹೋದರೂ ರಿಪೇರಿ ಗೊತ್ತಿರೋ ಮೆಕ್ಯಾನಿಕ್ ಸಿಗ್ತಾನೆ, ಬಿಡಿಭಾಗ ಅಗ್ಗ. ಎರಡು, ಫೋರ್ಡ್ ಫಿಗೋ. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಆ ಹೆದರಿಕೆಗೇ ಅದರ ಬೆಲೆ ಬಿತ್ತು, ಗಾಡಿಯ ಗುಣ ಬೀಳಲಿಲ್ಲ. 2015ರ ನಂತರದ ಫಿಗೋದ 1.5 ಲೀಟರ್ ಡೀಸೆಲ್ 100 ಪಿಎಸ್ ಕೊಡುತ್ತೆ. ವಾರಕ್ಕೆ ಐನೂರು ಕಿಲೋಮೀಟರ್ ಹೆದ್ದಾರಿ ಓಡಿಸುವವನಿಗೆ ಅದು ಹಬ್ಬ. ಹತ್ತಿರದಲ್ಲಿ ಸರ್ವಿಸ್, ಬಿಡಿಭಾಗ ಸಿಗುತ್ತಾ ಅಂತ ಮೊದಲೇ ವಿಚಾರಿಸಿಕೊಳ್ಳಿ ಅಷ್ಟೇ. ಮೂರು, ಫೋಕ್ಸ್‌ವ್ಯಾಗನ್ ಪೋಲೊ. 2010ರಿಂದ 2022ರವರೆಗೆ ನಮ್ಮಲ್ಲಿ ಮಾರಾಟವಾಯ್ತು. ಬಾಗಿಲು ಹಾಕಿದರೆ ಬರುವ ಆ ಗಟ್ಟಿ ಸದ್ದಿಗೇ ಅಭಿಮಾನಿಗಳಿದ್ದಾರೆ. ಕೊನೆಯ ವರ್ಷಗಳ ಒಂದು ಲೀಟರಿನ ಟರ್ಬೊ ಪೆಟ್ರೋಲ್ 110 ಪಿಎಸ್ಸಿನದು, ಆದರೆ ಐದು ಲಕ್ಷಕ್ಕೆ ಸಿಗೋದು ಕಷ್ಟ. ಅದರ ಹಿಂದಿನ ಏಳು ಗೇರಿನ ಆಟೊಮ್ಯಾಟಿಕ್ ಬೇಡ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಅದು ಕೆಟ್ಟರೆ ರಿಪೇರಿ ಬಿಲ್ಲು ನೋಡಿ ನೀವು ಕೆಡ್ತೀರಿ.

ದಿನಾ ಮನೆಯಿಂದ ಆಫೀಸಿಗೆ ಎಂಟು ಕಿಲೋಮೀಟರ್ ತೆವಳುವವರು ಡೀಸೆಲ್ ಮುಟ್ಟಬೇಡಿ. ಬಿಎಸ್6 ಡೀಸೆಲ್ಲಿನ ಹೊಗೆ ಸೋಸುವ ಫಿಲ್ಟರಿಗೆ ಆಗಾಗ ಜೋರಾದ, ಉದ್ದನೆಯ ಓಟ ಬೇಕು. ಇಲ್ಲದಿದ್ದರೆ ಕಟ್ಟಿಕೊಳ್ಳುತ್ತೆ. ದೆಹಲಿಯ ಅಗ್ಗದ ಡೀಸೆಲ್ ಗಾಡಿಗೂ ಮರುಳಾಗಬೇಡಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಇರೋದ್ರಿಂದ ಅವಧಿ ಹತ್ತಿರ ಬಂದವು ಹೊರರಾಜ್ಯಕ್ಕೆ ಹೊರಡುತ್ತವೆ. ಎನ್‌ಒಸಿ ತರಿಸಿ, ಇಲ್ಲಿನ ತೆರಿಗೆ ಕಟ್ಟಿ, ನಂಬರು ಬದಲಿಸುವ ಹೊತ್ತಿಗೆ ಅಗ್ಗ ಅನ್ನೋದು ಎಲ್ಲಿ ಹೋಯ್ತು ಅಂತ ಹುಡುಕಬೇಕು.

ಇನ್ನು ಹಲ್ಲು ನೋಡುವ ಕೆಲಸ. ಮೀಟರ್ ರೀಡಿಂಗ್ ನಂಬಬೇಡಿ, ಅದನ್ನ ತಿರುಗಿಸೋದು ಸುಲಭ. ಬ್ರೇಕ್ ಪೆಡಲಿನ ರಬ್ಬರು, ಸ್ಟಿಯರಿಂಗ್ ಮೇಲಿನ ಸವೆತ ನೋಡಿ. ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿಯ ಪೆಡಲ್ ನುಣ್ಣಗಾಗಿರಲ್ಲ. ಸರ್ವಿಸ್ ದಾಖಲೆ ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಬಾನೆಟ್ ಎತ್ತಿ ಬೋಲ್ಟುಗಳ ಬಣ್ಣ ಕಿತ್ತಿದೆಯಾ ನೋಡಿ. ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ ಅಂತ ಅರ್ಥ, ಯಾಕೆ ಅಂತ ಕೇಳಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಕೆಳಗೆ ತುಕ್ಕು, ನೀರಿನ ಗುರುತು ಇದೆಯಾ ನೋಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮ ಎದುರಿಗೇ ಸ್ಟಾರ್ಟ್ ಮಾಡಿಸಿ. ಹಂಪಿನ ಮೇಲೆ ನಿಧಾನಕ್ಕೆ ಹತ್ತಿಸಿ ಇಳಿಸಿ, ಸಸ್ಪೆನ್ಷನ್ ಸದ್ದು ಕೇಳಿ. ನಂಬಿಕೆಯ ಮೆಕ್ಯಾನಿಕ್ ಒಬ್ಬನನ್ನ ಜೊತೆಗೆ ಕರ್ಕೊಂಡು ಹೋಗಿ. ಅವನಿಗೆ ಕೊಡುವ ಒಂದೆರಡು ಸಾವಿರದಷ್ಟು ಲಾಭದ ಖರ್ಚು ಇನ್ನೊಂದಿಲ್ಲ.

ಕಾಗದ ಇನ್ನೂ ಮುಖ್ಯ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಇಲ್ಲದೆ ಪೂರ್ತಿ ದುಡ್ಡು ಕೊಡಬೇಡಿ. ಬಾಕಿ ದಂಡ ಎಷ್ಟಿದೆ ಅಂತ ನಂಬರ್ ಹಾಕಿ ನೋಡಿ. ಫಾರಂ 29, 30 ಸಹಿ ಮಾಡಿಸಿ, ಆರ್‌ಸಿ ನಿಮ್ಮ ಹೆಸರಿಗೆ ಬಂದಮೇಲೇ ನಿದ್ದೆ ಮಾಡಿ. ವಿಮೆಯನ್ನ ಹದಿನಾಲ್ಕು ದಿನದೊಳಗೆ ವರ್ಗಾಯಿಸಿಕೊಳ್ಳಿ.

ಎದುರು ವಾದಗಳಲ್ಲಿ ಗಟ್ಟಿ ಇರೋದು ಎರಡು. ವಯಸ್ಸಾದ ಅಪ್ಪ ಅಮ್ಮನ ಮಂಡಿಗೆ ಎತ್ತರದ ಸೀಟು ಸುಲಭ ಅನ್ನೋದು ನಿಜ. ಅವರು ದಿನಾ ಓಡಾಡುವ ಮನೆಯಾದರೆ ಎತ್ತರದ ಗಾಡಿಯನ್ನೇ ತಗೊಳ್ಳಿ, ಅದನ್ನೂ ಹಳೆಯದೇ ತಗೊಳ್ಳಿ. ವರ್ಷಕ್ಕೆರಡು ಸಲ ಬಂದು ಹೋಗೋದಕ್ಕೆ ಹತ್ತು ಲಕ್ಷ ಹೆಚ್ಚು ಸುರಿಯೋದು ಮಾತ್ರ ಮಂಡಿಯ ನೆಪ. ಎರಡನೆಯದು ಸುರಕ್ಷತೆ. ಗ್ಲೋಬಲ್ ಎನ್‌ಸಿಎಪಿಯ ಡಿಕ್ಕಿ ಪರೀಕ್ಷೆಯಲ್ಲಿ 2018ರಲ್ಲಿ ಸ್ವಿಫ್ಟಿಗೆ ಸಿಕ್ಕಿದ್ದು ಎರಡೇ ಸ್ಟಾರ್. ಪೋಲೊ ಕಥೆ ಸ್ವಾರಸ್ಯದ್ದು. 2014ರಲ್ಲಿ ಏರ್‌ಬ್ಯಾಗ್ ಇಲ್ಲದ ಪೋಲೊಗೆ ಸೊನ್ನೆ, ಎರಡು ಏರ್‌ಬ್ಯಾಗ್ ಇದ್ದದ್ದಕ್ಕೆ ನಾಲ್ಕು ಸ್ಟಾರ್. ಹಾಗಾಗಿ ಎರಡು ಏರ್‌ಬ್ಯಾಗ್, ಎಬಿಎಸ್ ಇಲ್ಲದ ಗಾಡಿಯನ್ನ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿ. ಮನೆಯವರ ಸುರಕ್ಷತೆಯೇ ನಿಮ್ಮ ಮೊದಲ ಚಿಂತೆಯಾದರೆ ಪೋಲೊ ನೋಡಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. ಸುರಕ್ಷತೆ ಅಂತ ಭಾಷಣ ಮಾಡಿ ಹದಿನೆಂಟು ಲಕ್ಷದ ಗಾಡಿ ತಂದು, ಮಗುವನ್ನ ತೊಡೆ ಮೇಲೆ ಕೂರಿಸಿಕೊಂಡು ಮುಂದಿನ ಸೀಟಲ್ಲಿ ಬರುವವರನ್ನ ದಿನಾ ನೋಡ್ತೀವಲ್ಲ!

‘ಹಳೇ ಕಾರು ನಡುದಾರಿಯಲ್ಲಿ ಕೈಕೊಟ್ಟರೆ?’ ಕೊಡಬಹುದು. ಅದಕ್ಕೇ ಕೊಂಡ ತಕ್ಷಣ ಐವತ್ತು ಸಾವಿರ ಪಕ್ಕಕ್ಕಿಡಿ. ಟೈರು, ಬ್ಯಾಟರಿ, ಬ್ರೇಕ್, ಆಯಿಲ್ಲು ಎಲ್ಲ ಅದರಲ್ಲೇ ಆಗಲಿ. ಅಲ್ಲಿಗೂ ಅದು ಎಸ್‌ಯುವಿಯ ಎರಡು ತಿಂಗಳ ಕಂತಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ನನಗೆ ನಿಜವಾಗಿ ಸಿಟ್ಟು ಬರೋದು ಆ ಕಂತಿನ ಮೇಲೆ. ನಮ್ಮ ಕೆಲಸದ ಭರವಸೆ ಎಷ್ಟು ಅಂತ ನಮಗೆಲ್ಲ ಗೊತ್ತು. ಸೋಮವಾರ ಬೆಳಿಗ್ಗೆ ಹದಿನೈದು ನಿಮಿಷದ ಒಂದು ಮೀಟಿಂಗ್ ಸಾಕು. ಹೋಮ್ ಲೋನ್ ಜೊತೆಗೆ 24 ಸಾವಿರದ ಕಾರಿನ ಕಂತೂ ಇರುವವನು ಆ ಹೆದರಿಕೆಗೆ ಮ್ಯಾನೇಜರ್ ಹೇಳಿದ್ದಕ್ಕೆಲ್ಲ ಹೂಂ ಅಂತಾನೆ. ಶನಿವಾರ ಲ್ಯಾಪ್‌ಟಾಪ್ ತೆಗೀತಾನೆ. ಬೇರೆ ಕೆಲಸ ಹುಡುಕುವ ಧೈರ್ಯ ಮಾಡಲ್ಲ, ಊರಲ್ಲಿ ಅಪ್ಪನ ಜೊತೆ ಹದಿನೈದು ದಿನ ಇದ್ದು ಬರೋಕೂ ಲೆಕ್ಕ ಹಾಕ್ತಾನೆ. ಸ್ವಾತಂತ್ರ್ಯಕ್ಕೆ ಅಂತ ತಂದ ಕಾರು ಅವನನ್ನ ಗೂಟಕ್ಕೆ ಕಟ್ಟಿರುತ್ತೆ. ಬೇಸ್‌ಮೆಂಟಿನಲ್ಲಿ ವಾರಕ್ಕೆ ಐದು ದಿನ ಧೂಳು ತಿನ್ನುವ ಗಾಡಿಗೆ ಇದು ತೀರಾ ದುಬಾರಿ ಬೆಲೆ.

ಐದು ಲಕ್ಷದ ಕಾರು ಕೊಂಡವನಿಗೆ ಸಾಲ ಇರಲ್ಲ, ಇದ್ದರೂ ವರ್ಷದೊಳಗೆ ತೀರುತ್ತೆ. ಬಂಪರಿಗೆ ಗೀರು ಬಿದ್ದರೆ ನಿದ್ದೆ ಕೆಡಲ್ಲ. ಬೇಸರ ಬಂದ ದಿನ ಟ್ಯಾಂಕು ತುಂಬಿಸಿ ಸಕಲೇಶಪುರದ ಕಡೆ ಹೊರಟುಬಿಡ್ತಾನೆ, ಯಾಕಂದ್ರೆ ಪೆಟ್ರೋಲಿಗೆ ಅವನ ಹತ್ತಿರ ದುಡ್ಡಿದೆ. ದೊಡ್ಡಪ್ಪ ಕೇಳಿದರೆ ಬಾನೆಟ್ ಎತ್ತಿ ತೋರಿಸಿ, ಹಲ್ಲು ನೋಡಿಯೇ ತಂದಿದ್ದೀನಿ ಅನ್ನಿ. ಎತ್ತಿನ ವ್ಯಾಪಾರ ಗೊತ್ತಿರುವ ಮನುಷ್ಯ, ಅರ್ಥ ಮಾಡ್ಕೋತಾರೆ. ಪಾರ್ಕಿಂಗಿನ ಪಕ್ಕದವನಿಗೆ ಅರ್ಥ ಆಗದಿದ್ದರೆ ಬಿಡಿ. ಅವನ ಕಂತು ಅವನಿಗೆ.