ಮೊದಲು ಗಿರಣಿ ಕಾರ್ಮಿಕರ ರಕ್ತದಲ್ಲಿ ಸಾಬೀತಾಗಲಿ, ಆಮೇಲೆ ಮಾರಾಟ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನೂಲಿನ ಗಿರಣಿಗಳಲ್ಲಿ, ಬನಿಯನ್ ಕಂಪನಿಗಳಲ್ಲಿ ದುಡಿಯುವವರಿಗೆ ಕ್ಯಾನ್ಸರ್ ತಪಾಸಣೆ ಬೇಕು, ಬೇಗ ಬೇಕು. ಆದರೆ ‘ಸ್ವಲ್ಪ ರಕ್ತ ಕೊಡಿ ಸಾಕು, ಮೈಯಲ್ಲಿ ಎಲ್ಲೇ ಕ್ಯಾನ್ಸರ್ ಇದ್ದರೂ ಹೇಳುತ್ತೇವೆ’ ಎಂಬ ಮಾತಿಗೆ ಅವರನ್ನು ಒಪ್ಪಿಸುವುದನ್ನು ನಾನು ವಿರೋಧಿಸುತ್ತೇನೆ.

ಇದನ್ನು ಈಗಲೇ ಹೇಳಬೇಕಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸುವುದು ಮಾಲೀಕರ ಹೊಣೆ. ಒಳ್ಳೆಯ ಕಾನೂನು. ಆದರೆ ಆ ತಪಾಸಣೆಯಲ್ಲಿ ಏನೇನು ಇರಬೇಕು ಎಂಬಲ್ಲಿ ವ್ಯಾಪಾರ ಕಾಲಿಡುತ್ತದೆ. ರಕ್ತದಿಂದಲೇ ಹಲವು ಕ್ಯಾನ್ಸರ್ ಹುಡುಕುವ ಪರೀಕ್ಷೆಗಳು ನಮ್ಮ ಮಾರುಕಟ್ಟೆಗೆ ಬಂದಾಗಿದೆ. ರಿಲಯನ್ಸ್ ಒಡೆತನದ, ಬೆಂಗಳೂರಿನ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ 2024ರ ಡಿಸೆಂಬರ್‌ನಲ್ಲಿ ‘ಕ್ಯಾನ್ಸರ್‌ಸ್ಪಾಟ್’ ಹೊರತಂದಿತು. ಅದು ರಕ್ತದಲ್ಲಿ ತೇಲುವ ಡಿಎನ್‌ಎ ತುಣುಕುಗಳನ್ನು ಓದುತ್ತದೆ. ಇನ್ನೊಂದು ದಾರಿ ಬಿಳಿ ರಕ್ತಕಣಗಳ ವರ್ತನೆ ನೋಡಿ ಕ್ಯಾನ್ಸರ್ ಇದೆಯೇ ಎಂದು ಹೇಳುವುದು. ನನ್ನ ದೊಡ್ಡ ತಕರಾರು ಇರುವುದು ಈ ದಾರಿಯ ಬಗ್ಗೆ.

ಕಲ್ಪನೆಯೇನೋ ಸೊಗಸಾಗಿದೆ. ಗೆಡ್ಡೆಯೊಂದು ಬೆಳೆಯುತ್ತಿದ್ದರೆ ಮೈಯ ಕಾವಲು ಕಣಗಳಿಗೆ ವೈದ್ಯರಿಗಿಂತ ಮೊದಲೇ ಸುಳಿವು ಸಿಕ್ಕಿರುತ್ತದೆ, ಅವುಗಳನ್ನೇ ಕೇಳೋಣ ಎಂಬುದು ತರ್ಕ. 2014ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಡಯಾನಾ ಆಂಡರ್ಸನ್ ತಂಡ ಮಾಡಿದ್ದು ಇದನ್ನೇ. ಬಿಳಿ ಕಣಗಳನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾದ ಅಗರ್ ಪದರದಲ್ಲಿ ಹುದುಗಿಸಿ, ಅವುಗಳ ಮೇಲೆ ನೇರಳಾತೀತ ಕಿರಣ ಹಾಯಿಸಿ, ವಿದ್ಯುತ್ ಹರಿಸಿದರು. ಕಿರಣದ ಹೊಡೆತಕ್ಕೆ ಚೂರಾದ ಡಿಎನ್‌ಎ ಧನಧ್ರುವದ ಕಡೆಗೆ ಜಾರಿ, ಸೂಕ್ಷ್ಮದರ್ಶಕದಡಿ ಬಾಲವಿರುವ ಧೂಮಕೇತುವಿನಂತೆ ಕಾಣುತ್ತದೆ. ಕ್ಯಾನ್ಸರ್ ಇದ್ದವರ ಕಣಗಳಲ್ಲಿ ಆ ಬಾಲ ಉದ್ದವಾಗಿತ್ತು. ಪತ್ರಿಕೆಗಳು ಎಲ್ಲ ಕ್ಯಾನ್ಸರಿಗೂ ಒಂದೇ ಪರೀಕ್ಷೆ ಸಿಕ್ಕಿತೆಂದು ಬರೆದವು. ಪರೀಕ್ಷೆಗೆ ಒಳಗಾದವರು ಒಟ್ಟು 208 ಮಂದಿ. ಅವರಲ್ಲಿ ‘ಆರೋಗ್ಯವಂತರು’ 94, ಎಲ್ಲರೂ ಆ ವಿಶ್ವವಿದ್ಯಾಲಯದ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು. ಇಷ್ಟು ವರ್ಷಗಳಾದರೂ ಆ ಪರೀಕ್ಷೆ ಆಸ್ಪತ್ರೆಗಳ ನಿತ್ಯದ ಬಳಕೆಗೆ ಬಂದಿಲ್ಲ.

ಈ ಆಸೆ ಹೊಸದೂ ಅಲ್ಲ. 1970ರಲ್ಲಿ ನ್ಯೂಕ್ಯಾಸಲ್‌ನ ಫೀಲ್ಡ್ ಮತ್ತು ಕ್ಯಾಸ್ಪರಿ ‘ಲ್ಯಾನ್ಸೆಟ್’ನಲ್ಲಿ ಇಂಥದೇ ಪರೀಕ್ಷೆ ಪ್ರಕಟಿಸಿದರು. 1974ರಲ್ಲಿ ಮ್ಯಾಂಚೆಸ್ಟರಿನ ಚೆರ್ಚೆಕ್ ದಂಪತಿ ಇನ್ನೊಂದನ್ನು ತಂದರು. ಎರಡರಲ್ಲೂ ಮೂಲ ತಂಡದ ಕೈಯಲ್ಲಿ ಫಲಿತಾಂಶ ಬೆರಗು ಹುಟ್ಟಿಸಿತ್ತು. ಬೇರೆಯವರು ಮಾಡಿ ನೋಡಿದಾಗ ಅದು ನಿಲ್ಲಲಿಲ್ಲ.

ಏಕೆ ನಿಲ್ಲುವುದಿಲ್ಲ ಎಂದು ತಿಳಿಯಬೇಕಾದರೆ ಪಲ್ಲಡಂ ಕಡೆಯ ಯಾವುದಾದರೂ ನೂಲಿನ ಗಿರಣಿಯ ಒಳಗೆ ನಿಂತು ಯೋಚಿಸಬೇಕು. ಹತ್ತಿಯ ಧೂಳು ವರ್ಷಗಟ್ಟಲೆ ಎದೆಗಿಳಿದವರಿಗೆ ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ದಿನ ಉಸಿರು ಬಿಗಿಯುತ್ತದೆ. ವೈದ್ಯರು ಅದನ್ನು ಬಿಸಿನೋಸಿಸ್ ಎನ್ನುತ್ತಾರೆ. ಆ ಧೂಳಿನಲ್ಲಿರುವ ಬ್ಯಾಕ್ಟೀರಿಯಾದ ವಿಷಾಂಶಕ್ಕೆ ಕೆರಳುವುದೂ ಇದೇ ಕಾವಲು ಕಣಗಳು. ಕ್ಷಯಕ್ಕೆ, ಡೆಂಗಿಗೆ, ಬಸಿರಿಗೆ, ಸಕ್ಕರೆ ಕಾಯಿಲೆಗೆ, ಬೀಡಿಗೆ, ರಾತ್ರಿ ಪಾಳಿಗೆ ಸ್ಪಂದಿಸುವುದೂ ಅವೇ. ಕಣ ಕೆರಳಿದೆ ಎಂದರೆ ಕೆರಳಿದೆ ಎಂದಷ್ಟೇ ಗೊತ್ತು. ಕೆರಳಿಸಿದ್ದು ಯಾವುದು ಎಂದು ಹೇಳಬೇಕಾದರೆ ಆ ಪರೀಕ್ಷೆಗೆ ಇಂಥ ಮೈಗಳ ಪರಿಚಯವಿರಬೇಕು. ಬ್ರಾಡ್‌ಫರ್ಡ್‌ನ ವಿದ್ಯಾರ್ಥಿಯನ್ನು ಆರೋಗ್ಯದ ಅಳತೆಗೋಲಾಗಿ ಇಟ್ಟುಕೊಂಡ ಪರೀಕ್ಷೆಗೆ ಸೋಮನೂರಿನ ಪವರ್‌ಲೂಮ್ ಕಾರ್ಮಿಕನೂ, ನೆಗಮಂ ಸುತ್ತ ಮಗ್ಗದ ಮುಂದೆ ಕೂತಿರುವ ನಮ್ಮ ಕನ್ನಡ ಮಾತಿನ ದೇವಾಂಗ ಸಮುದಾಯದ ಅಕ್ಕನೂ ರೋಗಿಗಳಾಗಿ ಕಂಡರೆ ಅಚ್ಚರಿಯೇನಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಲಕ್ಷ ಜನರನ್ನು ಪರೀಕ್ಷಿಸಿದಿರಿ, ಅವರಲ್ಲಿ 300 ಮಂದಿಗೆ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಪರೀಕ್ಷೆ ನೂರಕ್ಕೆ 90 ಕ್ಯಾನ್ಸರ್ ಹಿಡಿಯುತ್ತದೆ, ಆರೋಗ್ಯವಂತರಲ್ಲಿ ನೂರಕ್ಕೆ ಐದರಷ್ಟು ಮಾತ್ರ ತಪ್ಪುತ್ತದೆ ಎಂದೂ ಒಪ್ಪೋಣ. ಸರಿಯಾಗಿ ಸಿಕ್ಕವರು 270. ಏನೂ ಇಲ್ಲದೆ ಪಾಸಿಟಿವ್ ಚೀಟಿ ಹಿಡಿದವರು 4,985. ಅಂದರೆ ಹೆದರಿದ ಇಪ್ಪತ್ತು ಮನೆಗಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಮಾತ್ರ ಹೆದರಲು ಕಾರಣವಿತ್ತು. ಡಿಎನ್‌ಎ ಆಧಾರಿತ, ಇದಕ್ಕಿಂತ ಎಷ್ಟೋ ಪಳಗಿದ ಗ್ಯಾಲೆರಿ ಪರೀಕ್ಷೆಯನ್ನು ಅಮೆರಿಕದಲ್ಲಿ 6,621 ಮಂದಿಯ ಮೇಲೆ ನಡೆಸಿದಾಗಲೂ 92 ಮಂದಿಗೆ ಪಾಸಿಟಿವ್ ಬಂತು, ಅವರಲ್ಲಿ ಕ್ಯಾನ್ಸರ್ ಇದ್ದದ್ದು 35 ಮಂದಿಗೆ. ಅಲ್ಲಿ ಉಳಿದ 57 ಮಂದಿಯ ಮುಂದಿನ ತಪಾಸಣೆಗೆ ಒಂದು ವ್ಯವಸ್ಥೆಯಿತ್ತು. ತಿರುಪ್ಪೂರಿನಲ್ಲಿ ತುಂಡು ಲೆಕ್ಕದ ಕೂಲಿಗೆ ಹೊಲಿಯುವ ಹೆಂಗಸು ಸ್ಕ್ಯಾನ್‌ಗೆ, ಬಯಾಪ್ಸಿಗೆ ಕೊಯಮತ್ತೂರಿಗೆ ಅಲೆದ ದಿನಗಳ ಕೂಲಿಯನ್ನು ಯಾರು ತುಂಬಿಕೊಡುತ್ತಾರೆ? ಗೆಡ್ಡೆ ಎಲ್ಲಿದೆ ಎಂದು ಹೇಳದ ಪರೀಕ್ಷೆಯಾದರೆ ಹುಡುಕಾಟ ಎಲ್ಲಿ ಮುಗಿಯಬೇಕು?

ಇನ್ನೊಂದು ಕಡೆ, ಸಾವು ತಪ್ಪಿಸಿದ್ದು ಸಾಬೀತಾದ ಪರೀಕ್ಷೆ ಪಕ್ಕದ ಜಿಲ್ಲೆಯಲ್ಲೇ ಇದೆ. ಧಾರಾಪುರಂ ದಾಟಿದರೆ ದಿಂಡಿಗಲ್. ಅಲ್ಲಿನ ಅಂಬಿಲಿಕ್ಕೈ ಕ್ಯಾನ್ಸರ್ ನೋಂದಣಿ ಕೇಂದ್ರದವರೊಂದಿಗೆ ಡಾ. ಆರ್. ಶಂಕರನಾರಾಯಣನ್ 2000ದಲ್ಲಿ ಆರಂಭಿಸಿದ ಅಧ್ಯಯನದಲ್ಲಿ, 30ರಿಂದ 59 ವಯಸ್ಸಿನ 49,311 ಹಳ್ಳಿಯ ಹೆಂಗಸರನ್ನು ಗರ್ಭಕೊರಳಿನ ತಪಾಸಣೆಗೆ ಕರೆದರು. ತರಬೇತಿ ಪಡೆದ ನರ್ಸ್ ತೆಳು ಅಸಿಟಿಕ್ ಆಮ್ಲದಲ್ಲಿ, ಅಂದರೆ ವಿನೆಗರ್‌ನಂಥ ದ್ರವದಲ್ಲಿ, ಅದ್ದಿದ ಹತ್ತಿಯನ್ನು ಗರ್ಭಕೊರಳಿಗೆ ಮುಟ್ಟಿಸಿ ಒಂದು ನಿಮಿಷ ಕಾಯುತ್ತಾಳೆ. ಕೆಟ್ಟ ಭಾಗ ಇದ್ದರೆ ಬೆಳ್ಳಗೆ ಎದ್ದು ಕಾಣುತ್ತದೆ. ಎಷ್ಟೋ ಜನರಿಗೆ ಆ ಭೇಟಿಯಲ್ಲೇ, ಕೆಟ್ಟ ಭಾಗವನ್ನು ಹೆಪ್ಪುಗಟ್ಟಿಸಿ ನಾಶಮಾಡುವ ಶೀತ ಚಿಕಿತ್ಸೆಯೂ ಮುಗಿಯಿತು. ಇದಕ್ಕೆ ಹೆಂಗಸರು ಬರುವುದಿಲ್ಲ, ನಾಚುತ್ತಾರೆ, ಆದ್ದರಿಂದ ರಕ್ತ ಪರೀಕ್ಷೆಯೇ ವಾಸಿ ಎನ್ನುವವರಿದ್ದಾರೆ. ದಿಂಡಿಗಲ್‌ನಲ್ಲಿ 31,343 ಮಂದಿ ಬಂದರು. ಒಂದೇ ಒಂದು ಸುತ್ತಿನ ತಪಾಸಣೆಯಿಂದ ಆ ಹಳ್ಳಿಗಳಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾವು ನೂರಕ್ಕೆ 35ರಷ್ಟು ಇಳಿಯಿತೆಂದು 2007ರ ‘ಲ್ಯಾನ್ಸೆಟ್’ ವರದಿ ಹೇಳಿತು. ಇವತ್ತು ಇನ್ನೂ ಚೆನ್ನಾದ ಎಚ್‌ಪಿವಿ ಪರೀಕ್ಷೆಯಿದೆ, ಅದಕ್ಕೆ ಮಾದರಿಯನ್ನು ಹೆಂಗಸು ತಾನೇ ತೆಗೆದುಕೊಡಬಹುದು.

ಹೀಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನ ಹೆಂಗಸರ ಪೈಕಿ ಒಮ್ಮೆಯಾದರೂ ಈ ತಪಾಸಣೆ ಆದವರು ದೇಶದಲ್ಲಿ ನೂರಕ್ಕೆ ಎರಡೂ ಇಲ್ಲ. ಎಲ್ಲರಿಗಿಂತ ಮುಂದಿರುವ ತಮಿಳುನಾಡಿನಲ್ಲೇ ನೂರಕ್ಕೆ ಹತ್ತರ ಒಳಗೆ. ಬೇಲಿಯಾಚೆ ಸಾಬೀತಾದದ್ದು ಗಿರಣಿಯ ಗೇಟಿನೊಳಗೆ ಬರಲಿಲ್ಲವೆಂಬುದು ನನ್ನ ಸಿಟ್ಟು.

ಸಂಶೋಧನೆ ಬೇಡವೆಂದು ನಾನು ಹೇಳುತ್ತಿಲ್ಲ. ಮೇದೋಜೀರಕ, ಅಂಡಾಶಯದಂಥ ಕಡೆ ತಡವಾಗಿಯೇ ಸಿಗುವ ಕ್ಯಾನ್ಸರಿಗೆ ರಕ್ತದಿಂದ ದಾರಿ ಸಿಕ್ಕರೆ ಅದು ದೊಡ್ಡ ವರ. ಪಿಎಸ್‌ಜಿ, ಸರ್ಕಾರಿ ವೈದ್ಯಕೀಯ ಕಾಲೇಜು, ಶ್ರೀ ರಾಮಕೃಷ್ಣ, ಜಿಕೆಎನ್‌ಎಂ ಮುಂತಾದ ಆಸ್ಪತ್ರೆಗಳಿರುವ ಕೊಯಮತ್ತೂರಿನಲ್ಲೇ ಅದರ ಅಧ್ಯಯನ ನಡೆಯಲಿ: ಕಾರ್ಮಿಕರ ಒಪ್ಪಿಗೆ ಪಡೆದು, ಅವರಿಂದ ಒಂದು ಪೈಸೆ ತೆಗೆದುಕೊಳ್ಳದೆ, ಧೂಳು ತಿಂದ ಎದೆಯವರನ್ನೂ ಕ್ಷಯ ಗುಣವಾದವರನ್ನೂ ಹೋಲಿಕೆಯ ಗುಂಪಿನಲ್ಲಿಟ್ಟು. ಸಾವು ಇಳಿಯಿತೇ ಎಂದು ನೋಡುವ ತನಕ ಅದು ಅಧ್ಯಯನವಾಗಿಯೇ ಇರಲಿ, ಪ್ಯಾಕೇಜ್ ಆಗದಿರಲಿ.

ಕಾನೂನಿನ ಸಂದನ್ನೂ ಮುಚ್ಚಬೇಕು. ಕ್ಯಾನ್ಸರ್ ಪತ್ತೆ ಮಾಡುತ್ತದೆ, ವಾಸಿ ಮಾಡುತ್ತದೆ ಎಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಲ್ಯಾಬ್ ತಾನೇ ರೂಪಿಸಿ ತನ್ನಲ್ಲೇ ನಡೆಸುವ ಪರೀಕ್ಷೆಗೆ ಅಂಥ ಗಟ್ಟಿ ಕಡಿವಾಣವಿಲ್ಲ. ಅದು ಬರುವವರೆಗೆ ಕಂಪನಿ ಮಾಲೀಕರೂ ಸಂಘದವರೂ ತಮ್ಮ ಕೈಲಾದದ್ದನ್ನು ಮಾಡಬಹುದು. ಈ ವರ್ಷದ ತಪಾಸಣೆಯ ಪಟ್ಟಿಯಲ್ಲಿ ಬಾಯಿ, ಎದೆ, ಗರ್ಭಕೊರಳು ಮೊದಲು ಬರಲಿ, ಸಂಬಳ ಹಿಡಿಯದೆ ಅರ್ಧ ದಿನ ಬಿಡುವು ಸಿಗಲಿ. ರಕ್ತದಲ್ಲೇ ಎಲ್ಲ ಹೇಳುತ್ತೇವೆಂದು ಬರುವ ಲ್ಯಾಬ್‌ನಿಂದ ಒಂದು ಕಾಗದ ಬರೆಸಿಕೊಳ್ಳಿ: ತಪ್ಪು ಪಾಸಿಟಿವ್ ಬಂದ ಪ್ರತಿಯೊಬ್ಬರ ಸ್ಕ್ಯಾನ್, ಬಯಾಪ್ಸಿ, ಕಳೆದುಹೋದ ದಿನಗಳ ಕೂಲಿ ಎಲ್ಲವನ್ನೂ ನಾವೇ ಕಟ್ಟುತ್ತೇವೆ ಎಂದು. ಸಹಿ ಹಾಕಲು ಒಪ್ಪದವರನ್ನು ಗೇಟಿನಿಂದಲೇ ವಾಪಸ್ ಕಳಿಸಿ.